ಒಂದೇ ಮೀಟರ್, ನಾಲ್ಕು ಮನೆ: ನೀರಿನ ಬಿಲ್ ಹಂಚೋದು ಹೇಗೆ?

ಎರಡನೇ ಮಹಡಿ
ಬೆಂಗಳೂರಿನ ಹನುಮಂತನಗರದಲ್ಲಿ ಬಾಡಿಗೆಗೆ ಇದ್ದೇನೆ. ಕೆಳಗೆ ಓನರ್, ಗಂಡ ಹೆಂಡತಿ ಇಬ್ಬರೇ. ಮೊದಲ ಮಹಡಿಯಲ್ಲಿ ಅಜ್ಜಿ ಸೇರಿ ಆರು ಜನ. ಎರಡನೇ ಮಹಡಿಯಲ್ಲಿ ನಾನೊಬ್ಬನೇ. ಟೆರೇಸ್ ಮೇಲಿನ ಶೀಟ್ ಮನೆಯಲ್ಲಿ ಐದು ಜನ ಹುಡುಗರು. ಕಾವೇರಿ ಕನೆಕ್ಷನ್ ಒಂದೇ, ಮೀಟರ್ ಒಂದೇ. ಓನರ್ ಪ್ರತಿ ತಿಂಗಳು ಬಿಲ್ಲಿನ ಫೋಟೋ ಗ್ರೂಪಿಗೆ ಹಾಕಿ, ಕೆಳಗೆ "÷ 4" ಅಂತ ಬರೆಯುತ್ತಾರೆ. ಅಷ್ಟೇ, ಮಾತಿಲ್ಲ.

2025ರ ಏಪ್ರಿಲ್‌ನಲ್ಲಿ ದರ ಏರಿದ ಮೇಲೆ ಇದು ಚುಚ್ಚತೊಡಗಿದೆ. ಕಳೆದ ಬಿಲ್ಲಿನಲ್ಲಿ ಬಳಕೆ 48 ಸಾವಿರ ಲೀಟರ್. ನಾನು ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುವವನು. ಬಟ್ಟೆಯನ್ನೂ ಹೊರಗೆ ಕೊಡುತ್ತೇನೆ. ಆರು ಜನರ ಮನೆಗೂ ನನಗೂ ಒಂದೇ ಮೊತ್ತ ಹೇಗೆ? ಇನ್ನೊಂದು ಅನುಮಾನ. ಬಳಕೆ ಜಾಸ್ತಿ ಆದಂತೆ ದರವೂ ಏರುತ್ತದೆ ಅಲ್ವಾ? ನಾಲ್ಕು ಮನೆಯ ಬಳಕೆ ಒಟ್ಟು ಸೇರಿದ್ದಕ್ಕೇ ನಾವು ಮೇಲಿನ ಸ್ಲ್ಯಾಬಿಗೆ, ಅಂದರೆ ಜಾಸ್ತಿ ದರದ ಹಂತಕ್ಕೆ, ಹೋಗಿದ್ದೇವೆ. ಪ್ರತ್ಯೇಕ ಮೀಟರ್ ಇದ್ದಿದ್ದರೆ ಹೋಗುತ್ತಿರಲಿಲ್ಲ. ಇದು ಸರೀನಾ?

ತಲೆಲೆಕ್ಕ
ತಲೆ ಎಣಿಸಿ ಭಾಗಿಸಿ. ಮುಗೀತು.

ಅಜ್ಜಿಮನೆ ಊಟ
ತಲೆ ಎಣಿಸಿದರೆ ಮೊದಲ ಮಹಡಿಯ ಅಜ್ಜಿಗೂ ಮೇಲಿನ ಹುಡುಗರಿಗೂ ಒಂದೇ ಪಾಲು ಬೀಳುತ್ತದೆ. ಅಜ್ಜಿ ಎರಡು ಚೊಂಬು ನೀರಿನಲ್ಲಿ ಸ್ನಾನ ಮುಗಿಸುವ ಕಾಲದವರು. ಮೂರು ವರ್ಷದ ಮಗು ಇದ್ದರೆ ಅದನ್ನು ಅರ್ಧ ತಲೆ ಅಂತ ಎಣಿಸುತ್ತೀರಾ, ಎರಡು ತಲೆ ಅಂತಲಾ? ಮಗು ಇರುವ ಮನೆಯ ಬಟ್ಟೆ ಒಗೆತ ನೋಡಿದ್ದೀರಾ?

ಲೆಕ್ಕದ ಮೇಷ್ಟ್ರು
ಎರಡನೇ ಪ್ರಶ್ನೆಯೇ ದೊಡ್ಡದು. ಅದನ್ನು ಬಿಟ್ಟು ತಲೆ ಎಣಿಸಲು ಹೊರಟಿದ್ದೀರಿ.

ಬೆಂಗಳೂರು ಜಲಮಂಡಳಿಯ ಮನೆ ಬಳಕೆ ದರ ಹೀಗಿದೆ. ಮೊದಲ 8 ಸಾವಿರ ಲೀಟರ್‌ಗೆ, ಸಾವಿರಕ್ಕೆ 7 ರೂಪಾಯಿ. 8ರಿಂದ 25 ಸಾವಿರದವರೆಗೆ 11. 25ರಿಂದ 50ರವರೆಗೆ 26. ಆಮೇಲೆ 45. ನಿಮ್ಮ 48 ಸಾವಿರಕ್ಕೆ 56 + 187 + 598 = 841 ರೂಪಾಯಿ. ಅದೇ ನೀರನ್ನು ನಾಲ್ಕು ಮೀಟರ್‌ಗೆ ಸಮ ಹಂಚಿದರೆ ಮನೆಗೆ 12 ಸಾವಿರ. ಅಂದರೆ 56 + 44 = 100. ನಾಲ್ಕು ಮನೆಗೆ 400. ನೀರು ಅಷ್ಟೇ, ಜನ ಅಷ್ಟೇ, ಬಿಲ್ ಮಾತ್ರ ಎರಡು ಪಟ್ಟು.

ಸ್ಲ್ಯಾಬ್ ಮಾಡಿದ್ದು ಬಡವರಿಗೆ ಕಡಿಮೆ ದರ ಸಿಗಲಿ, ಈಜುಕೊಳದವರು ಜಾಸ್ತಿ ಕೊಡಲಿ ಅಂತ. ಆದರೆ ಮೀಟರ್‌ಗೆ ಜನ ಕಾಣುವುದಿಲ್ಲ, ಕನೆಕ್ಷನ್ ಮಾತ್ರ ಕಾಣುತ್ತದೆ. ವಠಾರದಲ್ಲಿ ಇರುವವರು ಯಾರು? ಕಡಿಮೆ ಸಂಬಳದವರು. ಒಂದೇ ಕನೆಕ್ಷನ್‌ನಲ್ಲಿ ಹದಿನಾಲ್ಕು ಜನ ಸೇರಿದ ಕೂಡಲೇ ಅವರು ಲೆಕ್ಕದಲ್ಲಿ ಶ್ರೀಮಂತರಾಗಿಬಿಡುತ್ತಾರೆ.

ಪೈಸೆ ಪಕ್ಕಾ
ಮೇಷ್ಟ್ರೇ, ಅದು 2014ರ ದರ. ಹನ್ನೊಂದು ವರ್ಷ ಅದೇ ಇತ್ತು, 2025ರ ಏಪ್ರಿಲ್‌ನಲ್ಲಿ ಬದಲಾಯಿತು. ಲೀಟರ್‌ಗೆ ಮೊದಲ ಸ್ಲ್ಯಾಬ್‌ಗೆ 0.15 ಪೈಸೆ, ಎರಡನೆಯದಕ್ಕೆ 0.40, ಮೂರನೆಯದಕ್ಕೆ 0.80, ಅದರ ಮೇಲೆ 1 ಪೈಸೆ ಏರಿಸಿದರು. ಪೈಸೆಯಲ್ಲಿ ಹೇಳಿದರೆ ಕಿವಿಗೆ ಹಿತ. ಸಾವಿರ ಲೀಟರ್‌ಗೆ ಹಾಕಿದರೆ 8.50, 15, 34, 55. ಅದರ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಶೇ. 3 ಏರಿಕೆ ಅಂತಲೂ ಇದೆ.

ಆ ಶೇ. 3 ಬಿಟ್ಟು ಲೆಕ್ಕ ಹಾಕಿದರೆ ಒಂದು ಮೀಟರ್‌ಗೆ 1105, ನಾಲ್ಕು ಮೀಟರ್‌ಗೆ 512. ಇದು ನೀರಿನ ಭಾಗ ಮಾತ್ರ. ಸ್ಯಾನಿಟರಿ (ಚರಂಡಿ), ಮೀಟರ್ ಶುಲ್ಕ ಬೇರೆ.

ನಾನೂ ಓನರ್
ಬಾಡಿಗೆದಾರರೆಲ್ಲ ಸೇರಿಕೊಂಡಿರಿ, ಸರಿ. ನಮ್ಮ ಕಡೆಯ ಕಥೆಯನ್ನೂ ಕೇಳಿ. ಮೋಟರ್ ಹಾಕಿ ಮರೆತು ಟ್ಯಾಂಕ್ ತುಂಬಿ ಹರಿಯುತ್ತದೆ. ಫ್ಲಶ್ ಸೋರುತ್ತಿದ್ದರೆ ಎರಡು ತಿಂಗಳು ಯಾರೂ ಹೇಳುವುದಿಲ್ಲ. ಪ್ರತ್ಯೇಕ ಕನೆಕ್ಷನ್ ಅಂದರೆ ರಸ್ತೆ ಅಗೆಯಬೇಕು, ಡೆಪಾಸಿಟ್ ಕಟ್ಟಬೇಕು. ಸಮನಾಗಿ ಭಾಗ ಮಾಡಿದರೆ ಜಗಳ ಕಡಿಮೆ ಅಂತ ಮಾಡುತ್ತೇವೆಯೇ ಹೊರತು ಲಾಭಕ್ಕಲ್ಲ.

ಅಜ್ಜಿಮನೆ ಊಟ
ರಸ್ತೆ ಅಗೆಯುವುದು ನೆಪ ಸರ್. ಆ ಶೀಟ್ ಮನೆ ಪ್ಲಾನ್‌ನಲ್ಲೇ ಇರುವುದಿಲ್ಲ. ಕನೆಕ್ಷನ್ ಕೇಳಲು ಹೋದರೆ "ಇದು ಯಾವ ಮನೆ?" ಅಂತ ಕೇಳುತ್ತಾರೆ. ಆಮೇಲೆ ಆಸ್ತಿ ತೆರಿಗೆಯ ಮಾತೂ ಬರುತ್ತದೆ. ಅದಕ್ಕೇ ಬೇಡ.

ನಾನೂ ಓನರ್
ನಮ್ಮದು ಪ್ಲಾನ್ ಪ್ರಕಾರವೇ ಇದೆ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ವರ್ತೂರು ಕೋಡಿ
ನೀವು 8 ರೂಪಾಯಿ, 34 ರೂಪಾಯಿ ಅಂತ ಜಗಳ ಆಡುತ್ತಿದ್ದೀರಿ. ಓದುತ್ತಾ ನಗು ಬಂತು, ಸಿಟ್ಟೂ ಬಂತು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತ್ತು, ನೆನಪಿದೆಯಾ? ಐದು ಕಿಲೋಮೀಟರ್ ಒಳಗೆ 6 ಸಾವಿರ ಲೀಟರ್‌ಗೆ 600, 12 ಸಾವಿರಕ್ಕೆ 1000. ಅಂದರೆ ಸರ್ಕಾರವೇ "ಇದು ನ್ಯಾಯವಾದ ದರ" ಅಂತ ಒಪ್ಪಿದ್ದು ಸಾವಿರ ಲೀಟರ್‌ಗೆ 83ರಿಂದ 100 ರೂಪಾಯಿ. ಆ ದರಕ್ಕೂ ಎಲ್ಲಿ ಸಿಗುತ್ತಿತ್ತು! ಫೋನ್ ಮಾಡಿದರೆ "ನಾಳೆ ನೋಡೋಣ ಮೇಡಂ" ಅನ್ನುತ್ತಿದ್ದರು.

ಊರ ಮಧ್ಯೆ ಇರುವವರು ಹನ್ನೊಂದು ವರ್ಷ 7 ರೂಪಾಯಿ ಕೊಟ್ಟರು. ನಾವು ಪೈಪಿಗೆ ಕಾಯುತ್ತಾ ನೂರು ಕೊಟ್ಟೆವು. ನಿಮ್ಮ ದರ ಹನ್ನೊಂದು ವರ್ಷ ಏರದೆ ಇದ್ದದ್ದಕ್ಕೂ ನಮ್ಮ ಕಡೆ ಪೈಪ್ ಬರಲು ತಡ ಆದದ್ದಕ್ಕೂ ಸಂಬಂಧ ಇಲ್ಲವಾ?

ತಲೆಲೆಕ್ಕ
ಕಾವೇರಿ ಐದನೇ ಹಂತ ಬಂತಲ್ಲ ಮೇಡಂ, 2024ರ ಅಕ್ಟೋಬರ್‌ನಲ್ಲಿ. ನಗರಕ್ಕೆ ಸೇರಿಸಿದ 110 ಹಳ್ಳಿಗೆ ಅಂತಲೇ ದಿನಕ್ಕೆ 77.5 ಕೋಟಿ ಲೀಟರ್.

ವರ್ತೂರು ಕೋಡಿ
ತೊರೆಕಾಡನಹಳ್ಳಿಯ ಪಂಪಿನಲ್ಲಿ ಬಟನ್ ಒತ್ತಿದರೆ ನನ್ನ ನಲ್ಲಿಯಲ್ಲಿ ಬರುತ್ತದಾ? ಕನೆಕ್ಷನ್‌ಗೆ ಮೊದಲೇ ಕಟ್ಟಬೇಕಾದ ಹಣ ಇದೆ. ಒಳಗಿನ ಪೈಪ್ ನಮ್ಮ ಖರ್ಚು. ನ್ಯಾಯವಾದ ದರ ಅಂತ ಮಾತಾಡುವಾಗ ಲೀಟರ್ ದರ ಒಂದನ್ನೇ ಹಿಡಿದುಕೊಳ್ಳಬೇಡಿ. ಬಡವರಿಗೆ ಬಾಗಿಲು ಮುಚ್ಚುವುದು ಆ ಮೊದಲ ಕಂತಿನಲ್ಲೇ.

ಪಂಪ್‌ಹೌಸ್
ಭೌತಶಾಸ್ತ್ರ ಓದಿದ ಚಟಕ್ಕೆ ಒಂದು ಲೆಕ್ಕ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಬರೀ ಗುರುತ್ವಕ್ಕೇ 1.36 ಯೂನಿಟ್ ಕರೆಂಟ್ ಬೇಕು. ಪಂಪು, ಪೈಪಿನ ನಷ್ಟ ಸೇರಿಸಿದರೆ ಎರಡು ಯೂನಿಟ್ ಅಂದುಕೊಳ್ಳಿ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 12 ರೂಪಾಯಿ ಆಯಿತು. ಶುದ್ಧೀಕರಣ, ಸಂಬಳ, ಸಾಲದ ಬಡ್ಡಿ ಯಾವುದನ್ನೂ ಇನ್ನೂ ಸೇರಿಸಿಲ್ಲ.

ಅಂದರೆ 8.50 ಕೊಡುವವರ ಕರೆಂಟ್ ಬಿಲ್ಲನ್ನು ಬೇರೆ ಯಾರೋ ಕಟ್ಟುತ್ತಿದ್ದಾರೆ. ಯಾರು?

ದರ್ಶಿನಿ ಭಟ್ಟರು
ನಾವು ಸ್ವಾಮಿ! 2014ರ ದರದಲ್ಲೇ ವಾಣಿಜ್ಯ ಬಳಕೆಗೆ ಮೊದಲ ಲೀಟರಿನಿಂದಲೇ ಸಾವಿರಕ್ಕೆ 50, ಮೇಲೆ ಹೋದರೆ 87. ನಿಮ್ಮ ಮನೆಯ ಏಳು ಪಟ್ಟು. ಅದೇ ಕಾವೇರಿ, ಅದೇ ಪೈಪು. ನಮ್ಮದು ಸಣ್ಣ ಹೋಟೆಲ್, ನಿಂತು ತಿನ್ನುವ ಜಾಗ. ಐಟಿ ಪಾರ್ಕಿಗೂ ನನಗೂ ಒಂದೇ ಗುಂಪು. ಇಡ್ಲಿ ದರ ಐದು ರೂಪಾಯಿ ಏರಿಸಿದರೆ ಇದೇ ಗ್ರೂಪಿನಲ್ಲಿ ನನ್ನ ಮಾನ ಹರಾಜು ಹಾಕುತ್ತೀರಿ.

ಪೈಸೆ ಪಕ್ಕಾ
ಭಟ್ಟರೇ, ನೀವು ಆ 87ನ್ನು ಇಡ್ಲಿಯಲ್ಲಿ ಸೇರಿಸಿ ವಸೂಲಿ ಮಾಡಬಹುದು. ಮನೆಯವರು ಯಾರ ಮೇಲೆ ಹಾಕುವುದು?

ದರ್ಶಿನಿ ಭಟ್ಟರು
ಪಕ್ಕದ ಬೀದಿಯ ಪಿಜಿಯಲ್ಲಿ 60 ಹುಡುಗಿಯರು ಇದ್ದಾರೆ. ಅದು ಮನೆ ಬಳಕೆ ದರದಲ್ಲಿ ನಡೆಯುತ್ತಿದೆ. ಅದನ್ನು ಯಾರು ಕೇಳುತ್ತಾರೆ? ದರ ಎಷ್ಟು ಅನ್ನುವುದಕ್ಕಿಂತ ಯಾರನ್ನು ಯಾವ ಗುಂಪಿಗೆ ಹಾಕಿದ್ದಾರೆ ಅನ್ನುವುದರಲ್ಲೇ ಅನ್ಯಾಯ ಜಾಸ್ತಿ ಇರುವುದು.

ಅಜ್ಜಿಮನೆ ಊಟ
ಇದು ಒಪ್ಪುವ ಮಾತು. (ನಿಮ್ಮ ಹೋಟೆಲ್ ಎಲ್ಲಿ? ಖಾಲಿ ದೋಸೆ ಇದೆಯಾ?)

ದರ್ಶಿನಿ ಭಟ್ಟರು
ಬೆಳಿಗ್ಗೆ ಹತ್ತರ ತನಕ ಮಾತ್ರ.

ಧಾರವಾಡ ಪೇಡಾ
ಬೆಂಗಳೂರಿನವರ ಮಾತು ಮುಗಿಯಿತಾ? ನಮ್ಮ ಕಡೆಯದೂ ಸ್ವಲ್ಪ ಕೇಳಿರಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಲ್ಲಿ 2008ರ ಹೊತ್ತಿಗೇ ದಿನದ 24 ತಾಸು ನೀರು ಶುರುವಾಯಿತು. ವಿಶ್ವಬ್ಯಾಂಕ್ ಸಾಲದ ಯೋಜನೆ, ಮನೆ ಮನೆಗೆ ಮೀಟರ್. "ಮೀಟರ್ ಹಾಕಿದರೆ ಬಡವರು ಸತ್ತೇ ಹೋಗುತ್ತಾರೆ" ಅಂತ ಗದ್ದಲವೂ ಆಯಿತು.

ಅದೇ ಊರಿನಲ್ಲಿ ಉಳಿದ ವಾರ್ಡ್‌ನವರು ವಾರಗಟ್ಟಲೆ ಕಾಯುತ್ತಿದ್ದರು. ನಳಕ್ಕೆ ನೀರು ಬರುವ ದಿನ ಮನೆಯಲ್ಲಿ ಒಬ್ಬರು ಕೆಲಸಕ್ಕೆ ರಜೆ. ರಾತ್ರಿ ಎರಡಕ್ಕೆ ಬಿಟ್ಟರೆ ಎರಡಕ್ಕೇ ಏಳಬೇಕು. ಕೊಡ, ಬಕೆಟ್, ಬ್ಯಾರಲ್, ಕೊನೆಗೆ ಪಾತ್ರೆಗಳನ್ನೂ ತುಂಬಿಸಿಡುವುದು. ಹೊಸ ನೀರು ಬಂತು ಅಂತ ಬ್ಯಾರಲ್‌ನಲ್ಲಿ ಉಳಿದ ಹಳೆಯ ನೀರನ್ನು ಅಂಗಳಕ್ಕೆ ಚೆಲ್ಲುವುದು. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಆಯಿತು, ಚೆಲ್ಲಿದ್ದಕ್ಕೆ ಲೆಕ್ಕ ಇಲ್ಲ. ಆ ರಜೆಯ ಕೂಲಿ, ಆ ನಿದ್ದೆ, ಬ್ಯಾರಲ್ ಖರೀದಿ ಎಲ್ಲ ಸೇರಿಸಿದರೆ "ಅಗ್ಗದ ನೀರು" ಎಷ್ಟು ತುಟ್ಟಿ ನೋಡಿರಿ.

ಮೀಟರ್ ಮಲ್ಲಿಗೆ
ದಿನ ಬಿಟ್ಟು ದಿನ ನೀರು ಬರುವ ಕಡೆ ಮೀಟರ್ ಹಾಕಿದರೆ ಇನ್ನೊಂದು ತಮಾಷೆ ಇದೆ. ನಮ್ಮ ಊರಿನ ಹೆಸರು ಬೇಡ. ನೀರು ಬಿಡುವ ಮೊದಲು ಪೈಪಿನೊಳಗಿನ ಗಾಳಿ ನುಗ್ಗಿ ಬರುತ್ತದೆ. ನಲ್ಲಿ ಬುಸ್ ಅನ್ನುತ್ತದೆ, ಒಂದು ಹನಿ ನೀರಿಲ್ಲ, ಮೀಟರಿನ ಕೆಂಪು ಮುಳ್ಳು ಗಿರಗಿರ ತಿರುಗುತ್ತಿರುತ್ತದೆ. ಗಾಳಿಗೂ ದುಡ್ಡು. ವಿಡಿಯೋ ಮಾಡಿ ಕಚೇರಿಗೆ ತೋರಿಸಿದರೆ "ಎಲ್ಲರಿಗೂ ಹಾಗೇ ಬರುತ್ತದೆ" ಅಂದರು.

ಪಂಪ್‌ಹೌಸ್
ಮೀಟರಿಗೆ ಮೊದಲು ಏರ್ ವಾಲ್ವ್ ಹಾಕಿಸಿದರೆ ಸ್ವಲ್ಪ ಕಡಿಮೆ ಆಗುತ್ತದೆ.

ಯಮುನಾ ತೀರ
ದೆಹಲಿಯಿಂದ. ಇಲ್ಲಿ 2015ರಿಂದ ತಿಂಗಳಿಗೆ 20 ಸಾವಿರ ಲೀಟರ್ ಉಚಿತ. ಆದರೆ 20 ಸಾವಿರ ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬಳಕೆಗೆ ದುಡ್ಡು. ಒಂದು ಬಕೆಟ್ ಜಾಸ್ತಿ ಆದರೆ ಸೊನ್ನೆಯಿಂದ ನೇರವಾಗಿ ನೂರಾರು ರೂಪಾಯಿಗೆ ಜಿಗಿತ. ದೊಡ್ಡ ಕುಟುಂಬದವರೇ ಸಿಕ್ಕಿಬೀಳುವುದು. ಮೀಟರ್ ಇಲ್ಲದವರಿಗೆ, ಟ್ಯಾಂಕರ್ ನಂಬಿದ ಕಾಲೊನಿಗಳಿಗೆ ಉಚಿತ ಅನ್ನುವ ಪದಕ್ಕೆ ಅರ್ಥವೇ ಇಲ್ಲ.

ಲೆಕ್ಕದ ಮೇಷ್ಟ್ರು
ಮೊದಲ ಸ್ಲ್ಯಾಬ್ ಎಷ್ಟಿರಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಒಳಚರಂಡಿ ಇರುವ ನಗರಕ್ಕೆ ಕೇಂದ್ರದ ಮಾನದಂಡ, ಒಬ್ಬರಿಗೆ ದಿನಕ್ಕೆ 135 ಲೀಟರ್. ನಾಲ್ಕು ಜನರ ಮನೆಗೆ ತಿಂಗಳಿಗೆ 16,200 ಆಯಿತು. ನಮ್ಮ 8 ಸಾವಿರದ ಸ್ಲ್ಯಾಬನ್ನು ಅದೇ ನಾಲ್ಕು ಜನರಿಗೆ ಹಂಚಿದರೆ ತಲೆಗೆ ದಿನಕ್ಕೆ ಸುಮಾರು 67 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಸಾಕು ಅಂತ ವಾದ ಮಾಡಬಹುದು. ಆದರೆ ಆರು ಜನ ಇದ್ದರೆ ಅದು 44ಕ್ಕೆ ಇಳಿಯುತ್ತದೆ. ಹಳ್ಳಿಗಳಿಗೆ ಜಲಜೀವನ್ ಮಿಷನ್ ಇಟ್ಟುಕೊಂಡ ಗುರಿಯೇ 55.

ನನ್ನ ಪ್ರಕಾರ ಸ್ಲ್ಯಾಬ್ ಇರಲಿ, ಆದರೆ ಕನೆಕ್ಷನ್‌ಗೆ ಅಲ್ಲ, ಅಡುಗೆಮನೆಗೆ ಒಂದರಂತೆ ಇರಲಿ. ಬಾಡಿಗೆ ಕರಾರು ತೋರಿಸಿದರೆ ಒಂದು ಮೀಟರ್‌ಗೆ ನಾಲ್ಕು ಮನೆಯ ಸ್ಲ್ಯಾಬ್ ಕೊಡಲಿ.

ಪೈಸೆ ಪಕ್ಕಾ
ಮಾರನೇ ದಿನವೇ ಸದಾಶಿವನಗರದ ಬಂಗಲೆಯವರು ಡ್ರೈವರ್, ಅಡುಗೆಯವರ ಹೆಸರಲ್ಲಿ ನಾಲ್ಕು ಕರಾರು ತೋರಿಸುತ್ತಾರೆ. ನಮ್ಮ ಜನ ಗೊತ್ತಲ್ಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು.

ಆಸ್ಟಿನ್ ಅಣ್ಣ
ಟೆಕ್ಸಾಸ್‌ನಿಂದ ನಮಸ್ಕಾರ. ಇಲ್ಲಿ ಒಳಚರಂಡಿ ಬಿಲ್ಲಿಗೆ ಬೇರೆಯೇ ಉಪಾಯ ಇದೆ. ಬೇಸಿಗೆಯಲ್ಲಿ ಜನ ಹುಲ್ಲಿಗೆ ನೀರು ಹಾಕುತ್ತಾರೆ. ಆ ನೀರು ಚರಂಡಿಗೆ ಹೋಗುವುದಿಲ್ಲ. ಅದಕ್ಕೆ ಚಳಿಗಾಲದ ಮೂರು ತಿಂಗಳ ಸರಾಸರಿ ಬಳಕೆ ನೋಡಿ, ವರ್ಷಪೂರ್ತಿ ಚರಂಡಿ ಶುಲ್ಕಕ್ಕೆ ಅದನ್ನೇ ಮಿತಿ ಮಾಡುತ್ತಾರೆ. ಚಳಿಗಾಲದಲ್ಲಿ ನೀರು ಉಳಿಸಿದರೆ ವರ್ಷವಿಡೀ ಲಾಭ. ನಮ್ಮ ಮನೆಯಲ್ಲಿ ಆ ಮೂರು ತಿಂಗಳು ಕಾರು ತೊಳೆಯುವುದಿಲ್ಲ.

ಇನ್ನೊಂದು ವಿಷಯ. ಸ್ಲ್ಯಾಬ್ ದರವೇ ಕೋರ್ಟಿಗೆ ಹೋದ ಉದಾಹರಣೆ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿ 1996ರಿಂದ, ಸೇವೆಗೆ ಆಗುವ ಖರ್ಚಿಗಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ ಅಂತ ನಿಯಮ. 2015ರಲ್ಲಿ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊ ಅನ್ನುವ ಊರಿನ ಮೇಲಿನ ಸ್ಲ್ಯಾಬ್‌ಗಳನ್ನು ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಆ ದರಕ್ಕೂ ನಿಜವಾದ ಖರ್ಚಿಗೂ ಸಂಬಂಧ ತೋರಿಸಿಲ್ಲ ಅಂದಿತು. ಅದೂ ಬರಗಾಲದ ನಡುವೆ.

ತಲೆಲೆಕ್ಕ
ಅಂದರೆ ಹುಲ್ಲುಹಾಸಿಗೆ ಕೋರ್ಟ್ ನೆರಳು! ಅಣ್ಣಾ, ಆ ನಿಯಮ ಇಲ್ಲಿಗೆ ತರಬೇಡಿ. ಖರ್ಚಿನ ಪ್ರಕಾರವೇ ದರ ಅಂದರೆ ಮೊದಲು ಹೋಗುವುದು 8.50.

ಆಸ್ಟಿನ್ ಅಣ್ಣ
ತರುತ್ತಿಲ್ಲಪ್ಪ, ಇದೆ ಅಂತ ಹೇಳಿದೆ.

ಸರ್ಜಾಪುರ ಸೊಸೈಟಿ
ಚರಂಡಿ ವಿಷಯ ಬಂದದ್ದು ಒಳ್ಳೆಯದಾಯಿತು, ಎಲ್ಲರೂ ನಲ್ಲಿಯಲ್ಲೇ ನಿಂತಿದ್ದಿರಿ. ನಮ್ಮದು ಅಪಾರ್ಟ್‌ಮೆಂಟ್. ನಮ್ಮ ಖರ್ಚಿನಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕಟ್ಟಿದ್ದೇವೆ. ಆಪರೇಟರ್ ಸಂಬಳ, ಬ್ಲೋವರ್ ಕರೆಂಟ್, ಸ್ಲಡ್ಜ್ ಸಾಗಣೆ ಎಲ್ಲ ನಮ್ಮದೇ. ನಮ್ಮ ಕೊಳಚೆಯನ್ನು ನಾವೇ ತೊಳೆಯುತ್ತೇವೆ. ಹಾಗಿದ್ದ ಮೇಲೆ ಸ್ಯಾನಿಟರಿ ಶುಲ್ಕ ಪೂರ್ತಿ ಯಾಕೆ ಕೊಡಬೇಕು? ಉಳಿದ ನೀರು ಮಾರಬಹುದು ಅಂತ 2024ರ ಮಾರ್ಚ್‌ನಲ್ಲಿ ಸರ್ಕಾರ ಆದೇಶ ಮಾಡಿತು, ಶೇ. 50ರವರೆಗೆ. ಕೊಳ್ಳುವವರು ಬೇಕಲ್ಲ. ಕಟ್ಟಡ ಕೆಲಸದವರು ಬೋರ್‌ವೆಲ್ ನೀರೇ ಅಗ್ಗ ಅನ್ನುತ್ತಾರೆ.

ಮತ್ತೆ ಸ್ಲ್ಯಾಬ್ ಲಾಭ ನಮಗೆ ಯಾವತ್ತೂ ಇರಲಿಲ್ಲ. 2014ರ ಪಟ್ಟಿಯಲ್ಲಿ ಅಪಾರ್ಟ್‌ಮೆಂಟಿಗೆ ನೇರ 22 ರೂಪಾಯಿ. ಒಂದು ಬೆಡ್‌ರೂಮಿನ ಮನೆಯಲ್ಲಿ ಒಂಟಿಯಾಗಿರುವ ಪಿಂಚಣಿದಾರರಿಗೂ ಅದೇ.

ಪಂಪ್‌ಹೌಸ್
ಎಸ್‌ಟಿಪಿ ಕೆಟ್ಟು ನಿಂತ ದಿನ ನಿಮ್ಮ ನೀರು ಎಲ್ಲಿಗೆ ಹೋಗುತ್ತದೆ ಸರ್? ಊರಿನ ಲೈನಿಗೇ. ಆ ಲೈನು ಸಿದ್ಧವಾಗಿ ಇರಬೇಕಲ್ಲ, ಅದಕ್ಕೂ ಖರ್ಚಿದೆ. ಪೂರ್ತಿ ಬೇಡ, ಆದರೆ ಸೊನ್ನೆಯೂ ಸರಿಯಲ್ಲ.

ಬೋರ್‌ವೆಲ್‌ನವರದ್ದು ಇದಕ್ಕಿಂತ ತಮಾಷೆ. ಸ್ವಂತ ಕೊಳವೆಬಾವಿ, ಕಾವೇರಿ ಮೀಟರ್‌ನಲ್ಲಿ ಎರಡು ಸಾವಿರ ಲೀಟರ್, ಚರಂಡಿಗೆ ಬಿಡುವುದು ಇಪ್ಪತ್ತು ಸಾವಿರ. ನೀರಿನ ಬಿಲ್ಲಿನ ಇಷ್ಟು ಶೇಕಡಾ ಅಂತ ಚರಂಡಿ ಶುಲ್ಕ ಹಾಕಿದರೆ ಇವರು ತಪ್ಪಿಸಿಕೊಳ್ಳುತ್ತಾರೆ. ಅದಕ್ಕೇ ಬೋರ್‌ವೆಲ್ ಮನೆಗಳಿಗೆ ತಿಂಗಳಿಗೆ ಇಷ್ಟು ಅಂತ ಬೇರೆ ಹಾಕಿರುವುದು. ಅದು ಬಳಕೆ ನೋಡಿ ಹಾಕಿದ್ದಲ್ಲ. ಬೋರ್‌ವೆಲ್‌ಗೂ ಮೀಟರ್ ಹಾಕದೆ ಚರಂಡಿ ದರದಲ್ಲಿ ನ್ಯಾಯ ಹುಡುಕುವುದು ಕಷ್ಟ.

ಅಂತರಗಂಗೆ
ಕೋಲಾರದವಳು ನಾನು. ನೀವೆಲ್ಲ ಫ್ಲಶ್ ಮಾಡಿ ಮರೆತ ನೀರು ನಮ್ಮ ಊರಿಗೆ ಬರುತ್ತದೆ. ಕೆ.ಸಿ. ವ್ಯಾಲಿ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಯೋಜನೆಯಲ್ಲಿ ನೂರಕ್ಕೂ ಜಾಸ್ತಿ ಕೆರೆಗಳು. ಕೆರೆ ತುಂಬಿದ್ದು ನೋಡಿ ಸಂತೋಷ ಪಟ್ಟವರಲ್ಲಿ ನಾನೂ ಒಬ್ಬಳು, ಸುಳ್ಳು ಹೇಳುವುದಿಲ್ಲ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂದಿದೆ. ಟೊಮೆಟೊ ಬೆಳೆದಿದ್ದೇವೆ.

ಆದರೆ ಬರುವುದು ಎರಡು ಹಂತ ಶುದ್ಧಮಾಡಿದ ನೀರು. ಮೂರನೇ ಹಂತವೂ ಬೇಕು ಅಂತ ಇಲ್ಲಿಯವರು ಬೀದಿಗೂ ಕೋರ್ಟಿಗೂ ಹೋದರು. ಖರ್ಚು ಜಾಸ್ತಿ ಅನ್ನುವ ಮಾತು ಪ್ರತಿ ಸಲ ಅಡ್ಡ ಬರುತ್ತದೆ. ಯಾರ ಖರ್ಚು? ಕೊಳಚೆ ಮಾಡಿದ್ದು ಬೆಂಗಳೂರು. ಚರಂಡಿ ಶುಲ್ಕ ಅಂದರೆ ನಿಮ್ಮ ಮನೆಯ ಚೇಂಬರಿನಿಂದ ನಗರದ ಗಡಿಯವರೆಗೆ ಮಾತ್ರವಾ? ಆ ಮೂರನೇ ಹಂತದ ದುಡ್ಡು ನಿಮ್ಮ ಬಿಲ್ಲಿನಲ್ಲಿ ಇರಬೇಕು. ಇಲ್ಲದಿದ್ದರೆ ನಿಮ್ಮ ಅಗ್ಗದ ಬಿಲ್ಲಿನ ಬಾಕಿ ನಮ್ಮ ಅಂತರ್ಜಲದಲ್ಲಿ ಕೂರುತ್ತದೆ.

ಸರ್ಜಾಪುರ ಸೊಸೈಟಿ
ಮೇಡಂ, ನಿಮಗೆ ನೀರು ಉಚಿತವಾಗಿ ಬರುತ್ತಿದೆಯಲ್ಲ. ಅದಕ್ಕೂ ಬೆಲೆ ಇದೆ.

ಅಂತರಗಂಗೆ
ಬೆಲೆ ಇದೆ, ಒಪ್ಪುತ್ತೇನೆ. ಹಾಗಾದರೆ ಶುದ್ಧ ಮಾಡಿ ಮಾರಿ, ಕೊಳ್ಳುತ್ತೇವೆ.

ಮೀಟರ್ ಮಲ್ಲಿಗೆ
🔥

ಚೇಂಬರ್ ಮುಚ್ಚಳ
ಚರಂಡಿ ಖರ್ಚಿನಲ್ಲಿ ಯಾರೂ ಹೇಳದ ಒಂದು ಬಾಬ್ತು ಇದೆ. ಅಡುಗೆ ಎಣ್ಣೆ, ಪ್ಯಾಡ್, ಡೈಪರ್, ಕಟ್ಟಡದ ಸಿಮೆಂಟು ಎಲ್ಲ ಲೈನಿಗೆ ಬಿಟ್ಟು ಕಟ್ಟಿಕೊಂಡಾಗ "ಯಾರನ್ನಾದರೂ ಕರೆಸಿ" ಅನ್ನುತ್ತೀರಿ. ಆ "ಯಾರಾದರೂ" ಸಾಯುತ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೂ ಸತ್ತಿದ್ದಾರೆ. ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಜೆಟ್ಟಿಂಗ್ ಗಾಡಿ, ಸಕ್ಕಿಂಗ್ ಗಾಡಿ ಎಲ್ಲ ವಾರ್ಡಿಗೂ ಬೇಕು ಅಂದರೆ ಚರಂಡಿ ದರ ಏರಲೇಬೇಕು. ಅದರಲ್ಲಿ ಚೌಕಾಸಿ ಮಾಡುವವರ ಜೊತೆ ನನಗೆ ಮಾತಿಲ್ಲ.

ದರ್ಶಿನಿ ಭಟ್ಟರು
ನಾವು ಎಣ್ಣೆ ಜಿಡ್ಡು ತಡೆಯುವ ಗ್ರೀಸ್ ಟ್ರ್ಯಾಪ್ ಹಾಕಿದ್ದೇವೆ. ವಾರಕ್ಕೊಮ್ಮೆ ತೆಗೆದು ತೊಳೆಯಬೇಕು, ವಾಸನೆಗೆ ಹುಡುಗರು ಕೆಲಸ ಬಿಟ್ಟು ಓಡುತ್ತಾರೆ. ಹಾಕಿದವರಿಗೂ ಹಾಕದವರಿಗೂ ಚರಂಡಿ ದರ ಒಂದೇ. ಹಾಕಿದವರಿಗೆ ಸ್ವಲ್ಪ ಕಡಿಮೆ ಮಾಡಿದರೆ ಎಲ್ಲರೂ ಹಾಕುತ್ತಾರೆ.

ಚೇಂಬರ್ ಮುಚ್ಚಳ
ಭಟ್ಟರ ಮಾತಿಗೆ ನನ್ನ ಓಟು.

ನಾನೂ ಓನರ್
ದರ ಏರಿಸುವ ಮೊದಲು ಸೋರುವುದನ್ನು ನಿಲ್ಲಿಸಲಿ. ಬಿಟ್ಟ ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಲೆಕ್ಕಕ್ಕೇ ಸಿಗುವುದಿಲ್ಲ. ಅದರ ಕರೆಂಟ್ ಬಿಲ್ಲನ್ನೂ ನಾವೇ ಕಟ್ಟುತ್ತಿದ್ದೇವೆ.

ಪಂಪ್‌ಹೌಸ್
ಸೋರಿಕೆ ತಡೆಯಲು ಹಳೆಯ ಪೈಪ್ ಬದಲಿಸಬೇಕು. ಅದಕ್ಕೆ ದುಡ್ಡು ಬೇಕು. ಹನ್ನೊಂದು ವರ್ಷ ದರ ಮುಟ್ಟದೆ, ಆಮೇಲೆ ಒಂದೇ ಸಲ ಏರಿಸಿದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ವರ್ಷಕ್ಕೆ ಶೇ. 3 ಅನ್ನುವುದು ನನಗೆ ಸರಿ ಅನ್ನಿಸುತ್ತದೆ. ಚುನಾವಣೆ ವರ್ಷದಲ್ಲೂ ಏರಿಸುತ್ತಾರಾ, ನೋಡೋಣ.

ಎರಡನೇ ಮಹಡಿ
ಕೋಲಾರದವರೆಗೆ ಹೋಗಿ ಬಂದಿರಿ, ನನ್ನ ಬಿಲ್ ಇಲ್ಲೇ ಇದೆ! ಓನರ್ ಹತ್ತಿರ ಮಾತಾಡಿದೆ. ಮನೆಗೊಂದು ಸಬ್‌ಮೀಟರ್ ಹಾಕಿಸೋಣ ಅಂದರೆ "ನೀವೇ ಹಾಕಿಸಿ" ಅಂದರು. ಯಾರಾದರೂ ಹಾಕಿಸಿದ್ದೀರಾ?

ಮೀಟರ್ ಮಲ್ಲಿಗೆ
ಮೊದಲು ಟೆರೇಸ್‌ಗೆ ಹೋಗಿ ಟ್ಯಾಂಕಿನಿಂದ ಎಷ್ಟು ಪೈಪ್ ಇಳಿದಿದೆ ನೋಡಿ. ಮನೆಗೆ ಒಂದೊಂದು ಇಳಿದಿದ್ದರೆ ಸುಲಭ. ನಮ್ಮ ಕಡೆ ಹಳೇ ಬಿಲ್ಡಿಂಗ್‌ಗಳಲ್ಲಿ ಎಲ್ಲ ಮಹಡಿಯ ಅಡುಗೆಮನೆಗೆ ಒಂದು ಪೈಪು, ಎಲ್ಲ ಬಾತ್‌ರೂಮಿಗೆ ಇನ್ನೊಂದು. ಆಗ ಮನೆಗೆ ಎರಡು ಮೂರು ಮೀಟರ್ ಬೇಕು, ಗೋಡೆ ಒಡೆಯಬೇಕು.

ಎರಡನೇ ಮಹಡಿ
ನೋಡಿದೆ. ಅಡುಗೆಮನೆಗೆ ಒಂದು, ಬಾತ್‌ರೂಮಿಗೆ ಒಂದು. ಮಧ್ಯದಲ್ಲಿ ಇನ್ನೊಂದು ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಓನರ್‌ಗೂ ಗೊತ್ತಿಲ್ಲ.

ಲೆಕ್ಕದ ಮೇಷ್ಟ್ರು
ಹಾಗಾದರೆ ಅರ್ಧ ಮೊತ್ತ ಮನೆ ಲೆಕ್ಕದಲ್ಲಿ, ಅರ್ಧ ತಲೆ ಲೆಕ್ಕದಲ್ಲಿ ಹಂಚಿ. 1105ರಲ್ಲಿ ನಿಮಗೆ 178, ಹುಡುಗರಿಗೆ 335, ಮೊದಲ ಮಹಡಿಗೆ 375, ಓನರ್‌ಗೆ 217. ಈಗ ಎಲ್ಲರೂ 276 ಕೊಡುತ್ತಿದ್ದೀರಿ.

ಎರಡನೇ ಮಹಡಿ
ಓನರ್ ತಕ್ಷಣ ಒಪ್ಪಿದರು, ಅವರಿಗೂ ಕಡಿಮೆ ಆಗುತ್ತದಲ್ಲ! ಹುಡುಗರು "ಶನಿವಾರ ಭಾನುವಾರ ಊರಿಗೆ ಹೋಗುತ್ತೇವೆ, ಐದರ ಬದಲು ನಾಲ್ಕು ತಲೆ ಹಾಕಿ" ಅನ್ನುತ್ತಿದ್ದಾರೆ. ಮೊದಲ ಮಹಡಿಯವರು ಇನ್ನೂ ಮೆಸೇಜ್ ನೋಡಿಲ್ಲ. ನೀಲಿ ಟಿಕ್ ಬಂದಿಲ್ಲ.

ಅಜ್ಜಿಮನೆ ಊಟ
ನೋಡಿರುತ್ತಾರೆ. ನೀಲಿ ಟಿಕ್ ಆಫ್ ಮಾಡಿಟ್ಟಿರುತ್ತಾರೆ.